ಐದು ಮನೆಯ ಬೆಕ್ಕಿಗೆ ಒಂದು ಹೆಸರು

ಅಕ್ಟೋಬರ್, ಬೆಳಗಿನ ಆರು ಗಂಟೆ. ಬಂದರಿನ ಹಳೆಯ ಮೀನು ಗೋದಾಮಿನಲ್ಲಿ ಯೋರ್ಡಿಸ್ ಲಿಂಡ್ ನೆಲದ ಮೇಲೆ ಕುಳಿತಿದ್ದಾರೆ. ಬೆನ್ನು ಹದಿನಾಲ್ಕನೇ ಗೂಡಿನ ಕಡೆಗೆ, ಕೈಯಲ್ಲಿ ನಿನ್ನೆಯ ಪತ್ರಿಕೆ. ಹವಾಮಾನದ ಅಂಕಣವನ್ನು ಗಟ್ಟಿಯಾಗಿ ಓದುತ್ತಿದ್ದಾರೆ.

"ವಾಯವ್ಯದ ಗಾಳಿ ಜೋರು. ಸಂಜೆ ಮಳೆ. ಕೇಳಿಸ್ತಾ? ಹೊರಗೇನೂ ಅಂಥಾ ಸುಖ ಇಲ್ಲ ಕಣೋ."

ಗೂಡಿನೊಳಗೆ ಬೂದು ಬಣ್ಣದ ಗಂಡುಬೆಕ್ಕೊಂದು ಗೋಡೆಗೆ ಅಂಟಿಕೊಂಡಿದೆ. ಬೇಯಿಸಿದ ಮೀನು ಇಟ್ಟ ಹಾಗೇ ಇದೆ. ಅದು ಬಾಯಿಗೆ ಏನೂ ಹಾಕದೆ ಇಂದಿಗೆ ನಾಲ್ಕು ದಿನ. ನಾಳೆಯೂ ತಿನ್ನದಿದ್ದರೆ ಮೂಗಿನಿಂದ ಕೊಳವೆ ಇಳಿಸಬೇಕು ಎಂದು ಪಶುವೈದ್ಯೆ ಹೇಳಿ ಹೋಗಿದ್ದಾರೆ. ಹನ್ನೊಂದು ವರ್ಷದ ಸೊರಗಿದ ದೇಹ. ತಡೆದೀತು ಎಂಬ ಭರವಸೆಯನ್ನು ಅವರೂ ಕೊಟ್ಟಿಲ್ಲ.

ಹೆದರಿದ ಬೆಕ್ಕಿನ ಮುಖ ನೋಡಬಾರದು, ಬೆನ್ನು ಕೊಟ್ಟು ಮಾತಾಡಬೇಕು. ಇದು ಯೋರ್ಡಿಸ್ ಅವರಿಗೆ ಯಾರೂ ಕಲಿಸಿದ್ದಲ್ಲ. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದ ಅವರಿಗೆ ಈಗ ಅರವತ್ತಮೂರು. ಬಿಟ್ಟುಹೋದ ಬೆಕ್ಕುಗಳಿಗಾಗಿ ಈ ಆಶ್ರಯ ನಡೆಸಲು ತೊಡಗಿ ಇಪ್ಪತ್ತೆರಡು ವರ್ಷ. ಇಂದು ಇಲ್ಲಿರುವ ಬೆಕ್ಕುಗಳು ಮೂವತ್ತೊಂದು. ದಿನವೂ ಬೆಳಿಗ್ಗೆ ಮೂವತ್ತೊಂದು ಶೌಚದ ಮರಳಿನ ತಟ್ಟೆ ಬದಲಾಗಬೇಕು, ಅಷ್ಟೇ ನೀರಿನ ಬಟ್ಟಲು ತೊಳೆಯಬೇಕು. ಮೊಣಕಾಲು ನೋವಿಗೆ ಮುಲಾಮು ಹಚ್ಚುವುದು ಆಮೇಲೆ.

ಹೆಚ್ಚಿನವು ಬೇಸಿಗೆಯ ಬೆಕ್ಕುಗಳು. ಇಲ್ಲಿಯ ಬೇಸಿಗೆ ಶುರುವಾಗುವ ಜೂನ್‌ನಲ್ಲಿ ಪಟ್ಟಣದವರು ದ್ವೀಪದ ಮನೆಗೆ ಹೋಗುವಾಗ ಮಕ್ಕಳ ಆಟಕ್ಕೆಂದು ಮರಿ ತರುತ್ತಾರೆ. ಮೊದಲ ತಣ್ಣನೆಯ ಗಾಳಿಗೆ ಕಿಟಕಿಯ ಹಲಗೆ ಮುಚ್ಚಿ, ಬೀಗ ಹಾಕಿ, ಬೆಕ್ಕನ್ನು ಅಲ್ಲೇ ಬಿಟ್ಟು ದೋಣಿ ಹತ್ತುತ್ತಾರೆ.

"ನಾನೂ ಬೆಕ್ಕು ಬಿಟ್ಟು ಹಾಗೇ ಹತ್ತಿದವಳು," ಎನ್ನುತ್ತಾರೆ ಯೋರ್ಡಿಸ್, ಪತ್ರಿಕೆ ಮಡಚುತ್ತ. "ಮೂವತ್ತು ವರ್ಷ ಆಯ್ತು. ಪಕ್ಕದ ಮೀನುಗಾರ ನೋಡ್ಕೋತಾನೆ ಅಂದ್ಕೊಂಡೆ. ಅವನನ್ನ ಕೇಳ್ಲೇ ಇಲ್ಲ. ಮೇ ತಿಂಗಳಲ್ಲಿ ಹೋಗಿ ನೋಡಿದ್ರೆ ಮೆಟ್ಟಿಲ ಕೆಳಗೆ ಸತ್ತು ಬಿದ್ದಿತ್ತು."

ಏಳಕ್ಕೆ ದೋಣಿ ನಡೆಸುವ ಅಸ್ಸಾರ್ ಬರುತ್ತಾನೆ. ದಾಲ್ಚಿನ್ನಿ ಬನ್ನಿನ ಪೊಟ್ಟಣ ಮೇಜಿನ ಮೇಲಿಟ್ಟು ಕಾಫಿ ಬಗ್ಗಿಸಿಕೊಳ್ಳುತ್ತಾನೆ. ಗ್ರೋಶೆರ್ ದ್ವೀಪದಿಂದ ಈ ಬೂದು ಬೆಕ್ಕನ್ನು ಮೀನಿನ ಪೆಟ್ಟಿಗೆಯಲ್ಲಿ ತಂದವನು ಅವನೇ. ಋತುವಿನ ಕೊನೆಯ ದೋಣಿ ಹೊರಟಾಗ ಅದು ಕಟ್ಟೆಯ ತುದಿಯಲ್ಲಿ ಕುಳಿತಿತ್ತಂತೆ.

"ತಿಂತಾ?"

"ಇಲ್ಲ. ನಿನ್ನ ಪೆಟ್ಟಿಗೆ ನಾತಕ್ಕೇ ಹಸಿವು ಸತ್ತಿರ್ಬೇಕು."

"ನನ್ನ ಪೆಟ್ಟಿಗೆ ಬೈಬೇಡ ಮಾರಾಯ್ತಿ. ಆ ಐದು ಮನೆಯೋರಿಗೆ ಬೈ."

ಗ್ರೋಶೆರ್‌ನಲ್ಲಿರುವುದೇ ಐದು ಮನೆ. ಯೋರ್ಡಿಸ್ ಐದಕ್ಕೂ ಫೋನ್ ಮಾಡುತ್ತಾರೆ. ನಮ್ಮದಲ್ಲ, ಪಕ್ಕದವರದು ಎನ್ನುತ್ತದೆ ಮೊದಲ ಮನೆ. ಪಕ್ಕದವರು ಅದರ ಪಕ್ಕದವರನ್ನು ತೋರಿಸುತ್ತಾರೆ. ಒಬ್ಬರ ಬಾಯಲ್ಲಿ ಅದು ಮಂತ್ರಿ, ಇನ್ನೊಬ್ಬರಿಗೆ ತಾತ, ಮತ್ತೊಬ್ಬರಿಗೆ ಬೂದಿ. ಹತ್ತು ಬೇಸಿಗೆ ಎಲ್ಲರೂ ಅನ್ನ ಹಾಕಿದ್ದಾರೆ. ಹತ್ತು ಚಳಿಗಾಲ ಇನ್ನೊಬ್ಬರ ಮನೆಯಲ್ಲಿ ಬೆಚ್ಚಗಿದೆ ಎಂದುಕೊಂಡಿದ್ದಾರೆ. ಐದನೆಯವರು ಮಾರ್ತಾ ನೀಸ್ಟೆಡ್ಟ್ ಎಂಬ ಎಪ್ಪತ್ತೆಂಟರ ನಿವೃತ್ತ ಶಿಕ್ಷಕಿ.

"ನಮ್ಮನೇಲಿ ಅದು ಎರಡೇ ತುತ್ತು ತಿನ್ನೋದು, ಎದ್ದು ಹೋಗೋದು," ಎನ್ನುತ್ತಾರೆ ಮಾರ್ತಾ. "ಬಲು ಬಿಗುಮಾನ."

"ಏನಂದ್ರಿ? ಎರಡೇ ತುತ್ತಾ?"

ಯೋರ್ಡಿಸ್ ಉಳಿದ ನಾಲ್ಕು ಮನೆಗೂ ಮತ್ತೆ ಫೋನ್ ಹಚ್ಚುತ್ತಾರೆ. ಎಲ್ಲೆಡೆ ಅದೇ ಉತ್ತರ, ಎರಡು ತುತ್ತು. ಅವರು ಫೋನ್ ಇಟ್ಟು ಹಣೆ ಚಚ್ಚಿಕೊಳ್ಳುತ್ತಾರೆ. "ನಾನೊಬ್ಬಳು ಪೆದ್ದಿ! ಇಡೀ ಊಟ ಒಂದೇ ಕಡೆ ಬಡಿಸ್ತಾ ಇದೀನಿ. ಅದು ಮನೆ ಮನೆ ತಿರುಗಿ ಉಂಡ ಪ್ರಾಣಿ."

ಹದಿನಾಲ್ಕನೇ ಗೂಡಿನ ಬಾಗಿಲು ತೆರೆಯುತ್ತದೆ. ಅಸ್ಸಾರ್ ಐದು ರಟ್ಟಿನ ಪೆಟ್ಟಿಗೆಗಳನ್ನು ಕೋಣೆಯ ಉದ್ದಕ್ಕೂ ಮನೆಗಳಂತೆ ಸಾಲಾಗಿ ಇಡುತ್ತಾನೆ. ಒಂದೊಂದರ ಮುಂದೆ ಒಂದು ತಟ್ಟೆ, ತಟ್ಟೆಗೆರಡು ತುತ್ತು ಮೀನು. ಇಬ್ಬರೂ ಗೋಡೆಯತ್ತ ಮುಖ ಮಾಡಿ ಕೂರುತ್ತಾರೆ. ಯೋರ್ಡಿಸ್ ಮರಣವಾರ್ತೆಯ ಪುಟ ಬಿಟ್ಟು ಉಳಿದೆಲ್ಲ ಓದುತ್ತಾರೆ. ಕ್ರೀಡಾಪುಟದ ಹೊತ್ತಿಗೆ ಬೆನ್ನ ಹಿಂದೆ ತಟ್ಟೆ ನೆಲಕ್ಕೆ ಉಜ್ಜಿದ ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅಸ್ಸಾರ್ ತಿರುಗಲು ಹೋದರೆ ಯೋರ್ಡಿಸ್ ಅವನ ತೋಳು ಚಿವುಟುತ್ತಾರೆ. ಐದನೆಯ ಸದ್ದಾದ ಮೇಲೂ ಒಂದಷ್ಟು ಹೊತ್ತು ಯಾರೂ ಅಲುಗುವುದಿಲ್ಲ.

ಮರುದಿನ, ಶುಕ್ರವಾರ, ಕೊಳವೆ ಬೇಕಾಗುವುದಿಲ್ಲ. ಶನಿವಾರ ಐದೂ ಮನೆಯವರು ಮಾತಾಡಿಕೊಂಡು ಒಂದು ಏರ್ಪಾಡು ತರುತ್ತಾರೆ: ಸರದಿಯ ಮೇಲೆ ತಿಂಗಳಿಗೊಬ್ಬರು ಸಾಕುವುದು. ಯೋರ್ಡಿಸ್ ಒಪ್ಪುವುದಿಲ್ಲ.

"ಐದು ಮನೆಯಿದ್ದೇ ಅದು ಉಪವಾಸ ಬಿದ್ದಿದ್ದು. ಕಾಗದದಲ್ಲಿ ಸಾಕೋರು ಅಂತ ಒಂದೇ ಹೆಸರು ಬರೀಬೇಕು."

ಭಾನುವಾರ ಬರುವವರು ಮಾರ್ತಾ ಒಬ್ಬರೇ. ಬುಟ್ಟಿ ತಂದಿದ್ದಾರೆ, ಪೆನ್ನು ಹಿಡಿದವರು ಬರೆಯದೆ ಕೂರುತ್ತಾರೆ.

"ನನಗೆ ಎಪ್ಪತ್ತೆಂಟು ಕಣೆ. ಅದಕ್ಕಿಂತ ಮುಂಚೆ ನಾನೇ ಹೋಗ್ಬಿಟ್ರೆ?"

"ಕೆಳಗಿನ ಸಾಲು ಓದಿ."

ಪ್ರತಿ ಬೆಕ್ಕಿನ ಕಾಗದದ ಕೊನೆಗೂ ಯೋರ್ಡಿಸ್ ತಮ್ಮ ಕೈಯಿಂದಲೇ ಬರೆಯುವ ಸಾಲು ಅದು: ಸಾಕಲಾಗದಿದ್ದರೆ ಇಲ್ಲಿಗೇ ತನ್ನಿ, ಕಾರಣ ಕೇಳುವುದಿಲ್ಲ. ಈವರೆಗೆ ಮನೆ ಸೇರಿದ ಬೆಕ್ಕುಗಳು ಸಾವಿರದ ನೂರಕ್ಕೂ ಹೆಚ್ಚು. ಮರಳಿ ಬಂದ ಅರವತ್ತಮೂರರಲ್ಲಿ ಒಂದನ್ನೂ ಅವರು ಹಿಂದೆ ಕಳಿಸಿಲ್ಲ.

ಮಾರ್ತಾ ಹೆಸರು ಬರೆಯುತ್ತಾರೆ. ಬೆಕ್ಕಿನ ಹೆಸರಿನ ಜಾಗದಲ್ಲಿ, ಸ್ವಲ್ಪ ಯೋಚಿಸಿ, ಮಂತ್ರಿ ಎಂದು. "ಐದು ತಟ್ಟೆನೂ ಕೊಡ್ತೀಯಾ?"

"ತಗೊಂಡ್ಹೋಗಿ. ತಿಂಗಳಿಗೊಂದು ಕಮ್ಮಿ ಮಾಡಿ."

ಮಾರ್ತಾ ಅವರ ಕಾರು ಹೋದ ಮೇಲೆ ಯೋರ್ಡಿಸ್ ಹದಿನಾಲ್ಕನೇ ಗೂಡು ತೊಳೆದು, ಒಣಗಿದ ಕಂಬಳಿ ಹಾಸಿ, ಬಾಗಿಲು ತೆರೆದಿಡುತ್ತಾರೆ. ಮುಂದೆ ಏನಾಗಬೇಕು ಎಂದು ಯಾರಾದರೂ ಕೇಳಿದರೆ ಅವರು ದೊಡ್ಡ ಕಟ್ಟಡ ಕೇಳುವುದಿಲ್ಲ, ಸನ್ಮಾನವನ್ನೂ ಕೇಳುವುದಿಲ್ಲ. ಕಿಟಕಿಯಾಚೆ ದೋಣಿಗೆ ಹಗ್ಗ ಕಟ್ಟುತ್ತಿರುವ ಅಸ್ಸಾರ್‌ನತ್ತ ಗಲ್ಲ ಎತ್ತಿ ತೋರಿಸುತ್ತಾರೆ.

"ಒಂದು ವರ್ಷ, ಒಂದೇ ಒಂದು ವರ್ಷ, ಕೊನೇ ದೋಣಿ ದಿನ ಅವನ ಪೆಟ್ಟಿಗೇಲಿ ಬರೀ ಮೀನು ಬರ್ಬೇಕು."