ಎಲ್ಲಮ್ಮ ಏಳುವವರೆಗೆ

ಯಾರಿಗೂ ಕೆಟ್ಟದ್ದು ಬಯಸಬಾರದು ಎಂದು ನನಗೆ ಹೇಳಿಕೊಟ್ಟವಳು ಅವ್ವ. ಆ ಮಾತನ್ನು ನಾನು ಬಹುಮಟ್ಟಿಗೆ ಪಾಲಿಸಿಕೊಂಡು ಬಂದಿದ್ದೇನೆ, ಟಿನ್ ಫ್ಯಾಕ್ಟರಿ ಹಿಂದಿನ ನಮ್ಮ ಮನೆ ಓನರ್ ಒಬ್ಬನನ್ನು ಬಿಟ್ಟು. ಅವನಿಗೆ ಮಾತ್ರ ಹೊಟ್ಟೆ ತುಂಬ ಬಯಸಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ ತೀರಿಕೊಂಡ ಮೇಲೆ ರಾಯಚೂರು ಕಡೆಯ ಊರಿನಿಂದ ಅವ್ವನನ್ನು ಕರೆದುಕೊಂಡು ಬೆಂಗಳೂರಿಗೆ ಬಂದಿದ್ದೆ. ಶಿವಾಜಿನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸ. ಆ ಸಂಬಳಕ್ಕೆ ಸಿಕ್ಕಿದ್ದು ಟಿನ್ ಫ್ಯಾಕ್ಟರಿ ಹಿಂದಿನ ಸಂದಿಯಲ್ಲಿ ಒಂದು ಶೀಟಿನ ಮನೆ. ಓನರ್ ಅಲ್ಲಿಯ ಹಳೇ ಹಳ್ಳಿಯವನೇ. ಅವರಪ್ಪ ರಾಗಿ ಬೆಳೆದ ನೆಲದಲ್ಲಿ ಇವನು ಬಾಡಿಗೆ ಮನೆ ಬೆಳೆದಿದ್ದ. ಬಿಳಿ ಪಂಚೆ, ಹಣೆಗೆ ವಿಭೂತಿ, ಬಾಯಿ ತೆರೆದರೆ "ನಮ್ಮ ಮಗಳ ಥರ ನೀನು". ನನಗೆ ಮೊದಲು ಅವನ ಮೇಲೆ ಗೌರವವೇ ಇತ್ತು, ಅದನ್ನು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳಿದ. ಬೆಂಗಳೂರಿನಲ್ಲಿ ಅದು ರೂಢಿ. ಮನೆ ಬಿಡುವಾಗ ವಾಪಸ್ ಕೊಡುವುದೂ ರೂಢಿ ಎಂದುಕೊಂಡೆವು. ಅವ್ವ ತನ್ನ ಪಾಟ್ಲಿ ಮಾರಿದಳು. ಕೈಯಲ್ಲಿ ಚಿನ್ನ ಅಂತ ಉಳಿದಿದ್ದು ಅದೊಂದೇ ಜೊತೆ. ವರ್ಷದ ಮೇಲೆ ಅವನೇ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. "ಬೋರ್ ಹಾಕಿಸ್ತಿದ್ದೀನಿ ಕಣಮ್ಮ, ನೀರು ನಿಮಗೇ ತಾನೇ? ಆರು ತಿಂಗಳ ಬಾಡಿಗೆ ಒಟ್ಟಿಗೆ ಕೊಟ್ಬಿಡು, ಆಮೇಲೆ ನಾನು ಕೇಳಲ್ಲ." ಅಂಗಡಿಯಲ್ಲಿ ಸಾಲ ಮಾಡಿ ಅದನ್ನೂ ಕೊಟ್ಟೆ. ಪತ್ರವಿಲ್ಲ, ರಸೀದಿಯಿಲ್ಲ. ದೊಡ್ಡವರು, ವಿಭೂತಿ ಹಚ್ಚಿಕೊಂಡವರು, ಅವರ ಹತ್ತಿರ ಹೇಗೆ ಕೇಳುವುದು ಎಂಬ ಸಂಕೋಚ ನಮ್ಮದು. ಕೊಟ್ಟವನು ಕೋಡಂಗಿ, ಈಸ್ಕೊಂಡವನು ಈರಭದ್ರ ಅಂತ ಸುಮ್ಮನೆ ಗಾದೆ ಮಾಡಿಲ್ಲ.

ಬೋರ್ ಹಾಕಿಸಲಿಲ್ಲ. ಎರಡನೇ ತಿಂಗಳಿಗೇ ಬಂದು, "ನನ್ನ ಮಗ ಬೇರೆ ಸಂಸಾರ ಹೂಡ್ತಾನಂತೆ, ಮನೆ ಖಾಲಿ ಮಾಡ್ಬೇಕಾಗುತ್ತೆ" ಎಂದ.

ಸರಿ, ಮಗನಿಗೆ ಬೇಕೆಂದರೆ ಏನು ಮಾಡುವುದು? ಹುಡುಕಿದೆವು. ಲಿಂಗರಾಜಪುರದಲ್ಲಿ ಒಂದು ಮನೆ ಸಿಕ್ಕಿತು. ನೆಲದ ಮಟ್ಟದ ಮನೆ, ಒಳಗೇ ನಲ್ಲಿ. ಅವ್ವನ ಮೊಣಕಾಲು ಆಗಲೇ ಹಾಳಾಗಿದ್ದವು, ಬೀದಿ ನಲ್ಲಿಯಿಂದ ಕೊಡ ಹೊರುವುದು ಆಗುತ್ತಿರಲಿಲ್ಲ. ಆ ಮನೆಯ ತಮಿಳು ಅಜ್ಜಿ, "ತಿಂಗಳ ಕೊನೆವರೆಗೂ ಯಾರಿಗೂ ಕೊಡಲ್ಲಮ್ಮ. ಆಮೇಲೆ ಅಡ್ವಾನ್ಸ್ ಇಲ್ಲದೆ ಇಟ್ಕೊಳ್ಳೋಕೆ ನನಗೂ ಕಷ್ಟ" ಎಂದರು. ನಮ್ಮ ಹಣವೆಲ್ಲ ಓನರ್ ಹತ್ತಿರ ಇತ್ತು. ಅದು ಬಂದರೆ ಆ ಮನೆ, ಬರದಿದ್ದರೆ ಬೀದಿ.

ಕೇಳಿದೆ. "ಕೊಡದೆ ಎಲ್ಲಿ ಓಡೋಗ್ತೀನಮ್ಮ? ನೀನು ಖಾಲಿ ಮಾಡು. ಮುಂದಿನವರು ಬರ್ತಾರಲ್ಲ, ಅವರ ಅಡ್ವಾನ್ಸ್ ಬಂದ ತಕ್ಷಣ ನಿಂದು ನಿನಗೆ."

"ಮುಂದಿನವರು ಅಂದ್ರೆ ನಿಮ್ಮ ಮಗ ಅಲ್ವಾ?"

ನಕ್ಕ. ನಾಚಿಕೆಯಿಂದಲ್ಲ, ಮಗು ಏನೋ ಜಾಣ ಮಾತಾಡಿತು ಅನ್ನುವ ಹಾಗೆ. ಮಾರನೇ ದಿನ ಗೇಟಿಗೆ 'ಟು ಲೆಟ್' ಬೋರ್ಡು ನೇತಾಡುತ್ತಿತ್ತು.

ಅಂಗಡಿಯ ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ಒರೆಸುತ್ತಾ, "ಚಾಬಿ ಮತ್ ದೇ ಬೇಟಿ" ಎಂದರು. ದುಡ್ಡು ಕೈಗೆ ಬರುವವರೆಗೆ ಬೀಗದ ಕೈ ಬಿಡಬೇಡ, ಅಷ್ಟೇ ಬಾಡಿಗೆದಾರರ ಕಾನೂನು ಎಂದು ಬಿಡಿಸಿ ಹೇಳಿದರು. ಸಂಜೆ ಹೋಗಿ ಓನರ್ ಮುಂದೆ ಅದನ್ನೇ ಆಡಿದೆ. "ಇಟ್ಕೋಮ್ಮ, ನೀನೇ ಇಟ್ಕೋ. ನನ್ನ ಹತ್ರ ಇನ್ನೊಂದಿದೆ" ಎಂದು ಉಡಿದಾರಕ್ಕೆ ಕಟ್ಟಿಕೊಂಡಿದ್ದ ಗೊಂಚಲನ್ನು ತೋರಿಸಿದ. ಮರುದಿನದಿಂದ ನಮ್ಮ ಮನೆಗೆ ಕರೆಂಟ್ ಇಲ್ಲ. ಫ್ಯೂಸ್ ಹೋಗಿದೆಯಂತೆ, ನಮ್ಮದೊಂದೇ.

ಲಿಂಗರಾಜಪುರದ ಅಜ್ಜಿಗೆ ಕನಿಕರ ಬಂದು, ಸಾಮಾನು ತಂದು ವರಾಂಡದಲ್ಲಿ ಇಟ್ಟುಕೊಳ್ಳಿ, ಮಲಗಿಕೊಳ್ಳಿ, ತಿಂಗಳ ಕೊನೆಗೆ ಮಾತ್ರ ಹಣ ಬೇಕೇ ಬೇಕು ಎಂದರು. ಟೆಂಪೊ ತರಿಸಿದೆ. ಪಾತ್ರೆ, ಟ್ರಂಕು, ಹಾಸಿಗೆ ಎಲ್ಲ ಏರಿತು. ಅಡುಗೆಮನೆಯ ಮೂಲೆಯಲ್ಲಿ ನಮ್ಮ ಮನೆದೇವರು ಎಲ್ಲಮ್ಮ ಇದ್ದಳು: ಮಣೆಯ ಮೇಲೆ ಹಸಿರು ಖಣ ಹಾಸಿದ ಗದ್ದುಗೆ, ಅದರ ಮೇಲೆ ಹಿತ್ತಾಳೆಯ ಮುಖ, ಮೈತುಂಬ ಭಂಡಾರದ ಅರಿಶಿನ. ನಾನು ಎತ್ತಲು ಬಗ್ಗಿದೆ.

"ಕೈ ಹಚ್ಚಬ್ಯಾಡ," ಎಂದಳು ಅವ್ವ. "ಆಕಿನ್ನ ಹಂಗೆಲ್ಲ ಎಬ್ಬಸಾಕ ಬರಂಗಿಲ್ಲ. ಹುಣ್ಣಿಮಿತನ ಏಳಂಗಿಲ್ಲ ಆಕಿ."

ಊರಿನಿಂದ ಬರುವಾಗ ಯಾವ ಹುಣ್ಣಿಮೆ ನೋಡಿದ್ದೆವೋ ನನಗೆ ನೆನಪಿರಲಿಲ್ಲ. ದೇವರ ವಿಷಯದಲ್ಲಿ ಅವ್ವನ ಜೊತೆ ವಾದ ಮಾಡುವ ರೂಢಿ ನಮ್ಮಲ್ಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡೆ.

ಟೆಂಪೊ ಹೊರಡುವಾಗ ಓನರ್ ಹೆಂಡತಿಯ ಜೊತೆ ಮನೆ ನೋಡಲು ಬಂದ. ಮುಖದಲ್ಲಿ ಗೆಲುವು. ಅಡುಗೆಮನೆಗೆ ಹೋದವನು ಅಲ್ಲೇ ನಿಂತ.

"ಇದೇನಮ್ಮ, ದೇವರನ್ನ ಬಿಟ್ಟು ಹೋಗ್ತಿದ್ದೀರ?"

"ಬಿಟ್ಟಿಲ್ಲರೀ," ಅವ್ವ ಹೇಳಿದಳು. "ಕುಂತಾಳ."

"ಏಳೋದು ಯಾವಾಗ?"

"ಹುಣ್ಣಿಮಿಗೆ. ಅದೂ ಆಕಿ ಮನಸಾದ್ರ. ನೀವು ಎತ್ತತೀನಿ ಅಂದ್ರ ಎತ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆಮ್ಯಾಲಿಂದು ಆಕಿಗೂ ನಿಮಗೂ ಬಿಟ್ಟದ್ದು."

ಅವನು ಕೈ ಚಾಚಿದ್ದು ನಿಜ. ಹೆಂಡತಿ ಅವನ ತೋಳು ಹಿಡಿದು ಹಿಂದಕ್ಕೆ ಎಳೆದಳು. "ರೀ, ಬೇಡ ಕಣ್ರೀ! ಮನೇಲಿ ಮಕ್ಕಳು ಮರಿ ಅವೆ!" ಆಕೆಯೂ ಊರಮ್ಮನಿಗೆ ತಂಬಿಟ್ಟಿನ ಆರತಿ ಹೊತ್ತವಳು. ಕೂತ ದೇವರನ್ನು ಪರರು ಎಬ್ಬಿಸಿದರೆ ಏನಾಗುತ್ತದೆ ಎಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ.

ಆಮೇಲೆ ದಿನಾ ಅವ್ವ ಆ ಮೊಣಕಾಲು ಎಳೆದುಕೊಂಡು ಬಸ್ಸು ಹತ್ತಿ, ಇಳಿದು, ಇನ್ನೊಂದು ಬಸ್ಸು ಹತ್ತಿ ಟಿನ್ ಫ್ಯಾಕ್ಟರಿ ಹಿಂದಿನ ಆ ಮನೆಗೆ ಹೋಗಿ ದೀಪ ಹಚ್ಚಿ ಬರುತ್ತಿದ್ದಳು. ಭಾನುವಾರ ನಾನೂ ಹೋದೆ. ಮನೆ ನೋಡಲು ಬಂದ ಒಬ್ಬಳು ಖಾಲಿ ಮನೆಯಲ್ಲಿ ಉರಿಯುತ್ತಿದ್ದ ದೀಪ, ಭಂಡಾರ, ಆ ಹಿತ್ತಾಳೆಯ ಕಣ್ಣು ನೋಡಿದಳು. ಚಪ್ಪಲಿ ಬಿಟ್ಟು ಕೈಮುಗಿದು ಹೊರಟೇ ಹೋದಳು. ಬಾಡಿಗೆ ಎಷ್ಟು ಎಂದೂ ಕೇಳಲಿಲ್ಲ. ನನಗೆ ಆ ವಾರದಲ್ಲಿ ಮೊದಲ ಸಲ ನಗು ಬಂತು.

"ಏನು, ನಾಟಕ ಆಡ್ತಿದ್ದೀರ ತಾಯಿ ಮಗಳು?" ಓನರ್ ಕೇಳಿದ. 'ನಮ್ಮ ಮಗಳ ಥರ' ಎನ್ನುವುದು ಅಷ್ಟು ಹೊತ್ತಿಗೆ ನಿಂತಿತ್ತು.

"ನಾಟಕ ಆದ್ರೆ ಎತ್ತಿ ಬೀದೀಲಿಡಿ," ಎಂದೆ. ಅವನು ಎತ್ತಲಿಲ್ಲ.

ತಿಂಗಳ ಕೊನೆಗೆ ಎರಡು ದಿನ ಇದೆ ಎನ್ನುವಾಗ, ನಾವಿಬ್ಬರೂ ದೀಪ ಹಚ್ಚಲು ಹೋದ ಹೊತ್ತಿಗೆ ಅವನು ಬಂದ. ಹಿಂದೆ ಹೆಂಡತಿ, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಅದರ ಪಕ್ಕ ನೋಟಿನ ಕಟ್ಟು. ಎಲ್ಲಮ್ಮನ ಮುಂದಿಟ್ಟು ಇಬ್ಬರೂ ಅಡ್ಡಬಿದ್ದರು. "ತಗೊಳ್ಳಿ. ದೇವರ ಮುಂದಿಟ್ಟ ದುಡ್ಡು, ಎಣಿಸಬಾರದು" ಎಂದ.

ಎಂಥ ಬುದ್ಧಿ ನೋಡಿ! ನಾನು ಅಲ್ಲೇ ಕೂತು ಎಣಿಸಿದೆ. ಅಡ್ವಾನ್ಸಿನಲ್ಲಿ ಸುಣ್ಣಬಣ್ಣಕ್ಕೆ ಎಂದು ಒಂದು ತಿಂಗಳ ಬಾಡಿಗೆ ಮುರಿದಿದ್ದ, ಅದನ್ನು ಎಲ್ಲರೂ ಮುರಿಯುತ್ತಾರೆ. ಆದರೆ ನಾವು ಮುಂಚೆಯೇ ಕೊಟ್ಟು, ವಾಸ ಮಾಡದೆ ಉಳಿದ ನಾಲ್ಕು ತಿಂಗಳ ಬಾಡಿಗೆ ಅದರಲ್ಲಿ ಇರಲಿಲ್ಲ. ಕೇಳಿದರೆ, "ಅದು ಬೋರಿಗೆ ಹೋಯ್ತಲ್ಲಮ್ಮ" ಎಂದ. ಎಲ್ಲಿಯ ಬೋರು! ನನಗೆ ಅವನ ಆ ತಟ್ಟೆ ಎತ್ತಿ ಅವನ ಮುಖಕ್ಕೇ ಬೀಸಬೇಕು ಅನ್ನಿಸಿತು.

ಅವ್ವ ಜಾಗ ಬಿಟ್ಟು ಕದಲಲಿಲ್ಲ. ದೀಪಕ್ಕೆ ಎಣ್ಣೆ ಹಾಕಿದಳು. "ಆತು ಬಿಡ್ರಿ. ಆಕಿ ಅಮಾಸಿತನ ಕುಂದರತಾಳ" ಎಂದಳು.

ಹೆಂಡತಿ ದಡಬಡನೆ ಮನೆಗೆ ಹೋಗಿ ತನ್ನ ಚೀಟಿ ದುಡ್ಡು ತಂದು ಅವ್ವನ ಮಡಿಲಿಗೆ ಎಸೆದಳು. "ತಗೊಂಡು ಹೋಗಿ ತಾಯಿ. ಮೊದಲು ಆ ದೇವರನ್ನ ಕರ್ಕೊಂಡು ಹೋಗಿ."

ನಾನು ಅದನ್ನೂ ಎಣಿಸಿದೆ. ಸರಿಯಾಗಿತ್ತು. ಅವ್ವ ಎದ್ದಳು, ಭಂಡಾರ ಹಚ್ಚಿದಳು, ಖಣದ ಸಮೇತ ಎಲ್ಲಮ್ಮನನ್ನು ಎತ್ತಿ ಎದೆಗೆ ಹಿಡಿದಳು. ಬಾಗಿಲಲ್ಲಿ ನಿಂತಿದ್ದ ಓನರ್ ಅವಳನ್ನೇ ನೋಡುತ್ತಿದ್ದ.

"ಹುಣ್ಣಿಮೆ ಇನ್ನೂ ಬಂದಿಲ್ವಲ್ಲ?" ಎಂದ. ಅವ್ವ ಹೊಸ್ತಿಲು ದಾಟಿದಳು. ಅವನು ಅಂಗಳಕ್ಕೆ ಉಗಿದ. "ದೇವರ ಹೆಸರಲ್ಲಿ ಸುಳ್ಳು ಹೇಳಿ ದುಡ್ಡು ಕೀಳೋ ಜನ. ಥೂ."

ನಮ್ಮದೇ ದುಡ್ಡು! ನಾನು ತಿರುಗಿ ಬಾಯಿಗೆ ಬಂದದ್ದೆಲ್ಲ ಬೈದೆ. ಸಂದಿಯ ಜನವೆಲ್ಲ ಹೊರಗೆ ಬಂದು ನೋಡಿದರು. ನನಗೆ ಅದರ ಬಗ್ಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಅವ್ವ ಮಾತ್ರ ನನ್ನ ಸೆರಗು ಹಿಡಿದು ಎಳೆದುಕೊಂಡು ಹೋದಳು.

ಆಟೋದಲ್ಲಿ ಎಲ್ಲಮ್ಮ ಅವಳ ತೊಡೆಯ ಮೇಲಿದ್ದಳು. "ಯವ್ವಾ, ಗೆದ್ದಿ ನೋಡು" ಎಂದೆ. ಅವಳು ಹೊರಗೆ ನೋಡುತ್ತಿದ್ದಳು. ಲಿಂಗರಾಜಪುರದ ಅಜ್ಜಿಗೆ ಹಣ ಕೊಟ್ಟು, ನಲ್ಲಿಯಿದ್ದ ಆ ಮನೆಯ ಮೂಲೆಯಲ್ಲಿ ಗದ್ದುಗೆ ಹೂಡಿದ ಮೇಲೆ ಅವ್ವ ದೇವಿಯ ಮುಂದೆ ಕೂತು ಎರಡೂ ಕೈಯಿಂದ ಗಲ್ಲ ಬಡಿದುಕೊಂಡಳು. ಕೆನ್ನೆ ಕೆಂಪಾಗುವ ಹಾಗೆ. ನಾನು ಕೈ ಹಿಡಿದೆ.

"ಬಿಡು," ಎಂದಳು. "ಅವ ಕಳ್ಳ ಇರಬೌದು. ಕಡೀಕ ಅಂದದ್ದು ಖರೇನ ಐತಿ."

ಆ ಮನೆಯಲ್ಲಿ ಅವ್ವ ಇನ್ನೂ ಹಲವು ವರ್ಷ ಬದುಕಿದ್ದಳು. ದಿನಾ ದೀಪ ಹಚ್ಚಿದಳು, ಪ್ರತಿ ಹುಣ್ಣಿಮೆಗೂ ಎಡೆ ಇಟ್ಟಳು. ಆದರೆ ಒಂದು ದಿನವೂ ಏನನ್ನೂ ಬೇಡಿಕೊಳ್ಳಲಿಲ್ಲ. ನನ್ನ ಮದುವೆಗೂ ಹರಕೆ ಹೊರಲಿಲ್ಲ. ಮೊಣಕಾಲು ನೋವಿಗೆ ನರಳುವಾಗ, ಎಲ್ಲಮ್ಮನಿಗಾದರೂ ಕೇಳಿಕೋ ಯವ್ವಾ ಎಂದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು.

"ಯಾವ ಮುಖ ಇಟಗೊಂಡು ಆಕಿನ್ನ ಕೇಳ್ಲಿ?" ಎನ್ನುತ್ತಿದ್ದಳು.