ತುರ್ತು ವಿಭಾಗದ ಸಾಫ್ಟ್‌ವೇರ್ ಅಕ್ಕ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ತುರ್ತು ವಿಭಾಗದ ಹಿಂದೆ, ತೊಳೆದ ಹೊದಿಕೆಗಳನ್ನು ಪೇರಿಸಿಟ್ಟ ಕೋಣೆಯ ಮೂಲೆಯಲ್ಲಿ ಆಕೆ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಇಲ್ಲದ ರೋಗಿಯೊಬ್ಬನನ್ನು ಪರದೆಯ ಮೇಲೆ ಹುಟ್ಟಿಸಿ, ಅವನ ಹೆಸರಿನ ಮುಂದೆ ಒಂದೊಂದೇ ಅಕ್ಷರ ಒತ್ತುತ್ತಾರೆ: ಇಂಗ್ಲಿಷಿನ ದೊಡ್ಡ ಆರ್, ಚಿಕ್ಕ ಆರ್, ಆಮೇಲೆ ಬೇಕೆಂದೇ ಒಂದು ತಪ್ಪಕ್ಷರ. ಪರದೆ ಸರಿಯಾಗಿ ಉತ್ತರಿಸಿದ ಮೇಲೆ ರೋಗಿಯನ್ನು ಅಳಿಸಿ, ಆರಿಹೋದ ಚಹಾ ಗುಟುಕರಿಸುತ್ತಾರೆ. ವಾರ್ಡಿನವರಿಗೆಲ್ಲ ಇವರು ‘ಸಾಫ್ಟ್‌ವೇರ್ ಅಕ್ಕ’. ವಯಸ್ಸು ಐವತ್ತು ದಾಟಿದೆ. ಕೆಲಸ ಗುತ್ತಿಗೆಯದು. ರೋಗಿಗಳ ಸರದಿ ಹಚ್ಚಲು ಯಾರೋ ಜಾವಾ ಭಾಷೆಯಲ್ಲಿ ಬರೆದುಹೋದ ಹಳೆಯ ಪ್ರೋಗ್ರಾಮನ್ನು ಕೈಹಿಡಿದು ನಡೆಸುವುದೇ ಉದ್ಯೋಗ.

ಬಂದ ರೋಗಿಯನ್ನು ನರ್ಸ್ ಒಂದು ಅಕ್ಷರದಿಂದ ಗುರುತಿಸುತ್ತಾರೆ. ಆರ್ ಎಂದರೆ ಕೆಂಪು, ಕೂಡಲೇ ನೋಡಬೇಕು. ವೈ ಹಳದಿ. ಜಿ ಹಸಿರು, ಕಾಯಬಹುದು.

“ಪ್ರೋಗ್ರಾಮು ಆ ಅಕ್ಷರನ ಮೂರಕ್ಕೂ ಹೋಲಿಸಿ ನೋಡತ್ತೆ. ಇದಾ, ಇಲ್ಲಾ ಇದಾ, ಇಲ್ಲಾ ಇದಾ ಅಂತ. ಮೂರೂ ಅಲ್ಲ ಅಂದ್ರೆ? ರೋಗಿನ ಸಾಲಿನ ಕೊನೆಗೆ ಹಾಕು ಅಂತ ಬರೆದುಬಿಟ್ಟಿದ್ರು. ನಮ್ಮ ಕನ್ನಡ ಅಕ್ಷರದಲ್ಲಿ ದೊಡ್ಡದು ಚಿಕ್ಕದು ಅಂತ ಇಲ್ವಲ್ಲ. ಜಾವಾಕ್ಕೆ ದೊಡ್ಡ ಆರೇ ಬೇರೆ, ಚಿಕ್ಕ ಆರೇ ಬೇರೆ,” ಎನ್ನುತ್ತಾರೆ ಅಕ್ಕ.

ಹಳೆಯ ಕೀಬೋರ್ಡಿನಲ್ಲಿ ದೊಡ್ಡಕ್ಷರದ ಕೀಲಿ ಸಿಕ್ಕಿಕೊಂಡು ಅಕ್ಷರ ಸದಾ ದೊಡ್ಡದೇ ಬೀಳುತ್ತಿತ್ತು. ಹೊಸ ಕೀಬೋರ್ಡ್ ಬಂದ ಬೆಳಗ್ಗೆ, ಎದೆನೋವೆಂದು ಬಂದ ಬೇಕರಿ ಕೆಲಸದ ಹೆಂಗಸಿಗೆ ನರ್ಸ್ ಚಿಕ್ಕ ಆರ್ ಒತ್ತಿದಳು. ಕೆಂಪು ಬರಬೇಕಾದವಳು ಸಾಲಿನ ಕೊನೆಗೆ ಹೋದಳು. ಅಷ್ಟರಲ್ಲಿ ಅಪಘಾತದ ಗಾಯಾಳುಗಳು ಬಂದು ನರ್ಸಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಹೆಂಗಸು ಬೆಂಚಿನಲ್ಲಿ ಗಂಡನ ಭುಜಕ್ಕೆ ಒರಗಿಕೊಂಡೇ ಪ್ರಾಣ ಬಿಟ್ಟಳು.

ನರ್ಸನ್ನು ಕೆಲಸದಿಂದ ತೆಗೆದರು. ಮೇಲಿನವರು ಅಕ್ಕನನ್ನು ಕರೆದು, “ಟೈಪ್ ಮಾಡಿದ್ದೇ ತಪ್ಪು ಅಂತ ಬರ್ಕೊಡಿ, ಮುಗಿದುಹೋಗ್ಲಿ” ಎಂದರು. ಗುತ್ತಿಗೆ ನವೀಕರಣದ ಸಮಯ ಬೇರೆ. ಆಕೆ ಬರೆದುಕೊಡಲಿಲ್ಲ. ವಿಚಾರಣೆಯಲ್ಲಿ ಎಲ್ಲರೆದುರೇ ಚಿಕ್ಕ ಆರ್ ಒತ್ತಿ, ರೋಗಿಯ ಹೆಸರು ಎಲ್ಲಿ ಹೋಗಿ ಬೀಳುತ್ತದೆಂದು ತೋರಿಸಿದರು. ಸತ್ತವಳ ಗಂಡ ಕೇಳಿದ: “ನಮ್ಮವಳು ಕೂಗಾಡಿದ್ರೆ ಬದುಕ್ತಿದ್ಲೇನಮ್ಮಾ?”

ಅಕ್ಕ ಮೊದಲು ಎಲ್ಲ ಅಕ್ಷರವನ್ನೂ ದೊಡ್ಡದಾಗಿಸಿ ಆಮೇಲೆ ಹೋಲಿಸುವಂತೆ ಮಾಡಿದರು. ಗೊತ್ತಿಲ್ಲದ ಅಕ್ಷರ ಬಂದರೆ ಈಗ ಪ್ರೋಗ್ರಾಮು ಮುಂದೆ ಹೋಗುವುದೇ ಇಲ್ಲ, ನಿಂತು ಮತ್ತೆ ಕೇಳುತ್ತದೆ. ಗುತ್ತಿಗೆ ಉಳಿಯಿತು, ಆದರೆ ಮೇಲಿನವರು ಆಕೆಯ ಜತೆ ಮಾತು ಬಿಟ್ಟರು. ಕೂರುವ ಜಾಗ ಹೊದಿಕೆಗಳ ಕೋಣೆಗೆ ಬಂತು.

“ಪ್ರೋಗ್ರಾಮಿನ ಆ ಸಾಲನ್ನ ನಾನೂ ಎಷ್ಟು ಸಲ ಓದಿದ್ದೆ. ಕಣ್ಣಿಗೆ ಬೀಳಲೇ ಇಲ್ಲ ನೋಡಿ,” ಎನ್ನುತ್ತಾರೆ, ಲೋಟವನ್ನು ಸುಮ್ಮನೆ ತಿರುಗಿಸುತ್ತಾ.

ನರ್ಸ್ ನಿರ್ದೋಷಿ ಎಂದಾಯಿತು, ಆದರೆ ಆಕೆ ಮರಳಲಿಲ್ಲ. ಈಗ ಬಟ್ಟೆ ಅಂಗಡಿಯಲ್ಲಿದ್ದಾಳೆ. ಅಕ್ಕ ಹುಡುಕಿಕೊಂಡು ಹೋದಾಗ ಸೀರೆ ಮಡಚುತ್ತಲೇ ಹೇಳಿದಳಂತೆ: “ತಪ್ಪು ನಂದಲ್ಲ ಅಂತ ಗೊತ್ತಾಯ್ತಕ್ಕ. ಆದ್ರೂ ಬೆರಳು ನಂದೇ ಅಲ್ವಾ?”

ಹೊರಗೆ ಮೊದಲ ಆಂಬುಲೆನ್ಸಿನ ಸದ್ದು. ಅಕ್ಕ ಕನ್ನಡಕ ಏರಿಸಿಕೊಳ್ಳುತ್ತಾರೆ.

“ನಂಗೇನೂ ದೊಡ್ಡ ಆಸೆ ಇಲ್ಲ. ಆ ನರ್ಸ್ ಹುಡುಗಿ ಒಂದೇ ಒಂದ್ ಸಲ ಬಂದು ಇಲ್ಲಿ ಕೂರ್ಬೇಕು. ಹೆದರ್ಕೊಂಡಾದ್ರೂ ಸರಿ, ದೊಡ್ಡದೋ ಚಿಕ್ಕದೋ, ಹೇಗ್ಬೇಕಾದ್ರೂ ಒತ್ಲಿ. ಈಗ ಇದು ಅವಳ ಮಾತು ಕೇಳಿಸ್ಕೊಳ್ಳತ್ತೆ.”