ಜೇಬಿನಲ್ಲಿದ್ದ ರೋಟರ್

ಗಿರಿಜಾ, ಆ ದಿನ ಕಾರು ಕೆಟ್ಟಿರಲಿಲ್ಲ. ಅದರ ರೋಟರ್ ನನ್ನ ಜೇಬಿನಲ್ಲಿತ್ತು. ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ.

ತೊಂಬತ್ತರ ದಶಕದ ಆ ಬೆಳಿಗ್ಗೆಯ ಅರ್ಧಭಾಗವನ್ನು ನನ್ನ ನೆನಪು ಆಮೇಲೆ ಕಟ್ಟಿಕೊಂಡಿರಬಹುದು. ನೀನು ಹಸಿರು ಸೀರೆ ಉಟ್ಟಿದ್ದೆ ಅನ್ನಿಸುತ್ತದೆ; ನೀಲಿಯೂ ಇದ್ದೀತು. ಆದರೆ ಪ್ಯಾಂಟಿನ ಜೇಬಿನಲ್ಲಿ ಬೆರಳಿಗೆ ತಗುಲಿದ ಆ ಪುಟ್ಟ ತುಂಡು — ಅದರ ಬಗ್ಗೆ ಮಾತ್ರ ಸಂಶಯವಿಲ್ಲ.

ನಂಜನಗೂಡಿನ ನಿಮ್ಮ ಮನೆಯಿಂದ ಎಲ್ಲರೂ ನರಸೀಪುರಕ್ಕೆ ಹೊರಟಿದ್ದೆವು, ನಿನ್ನ ಮದುವೆಯ ತಾಂಬೂಲ ಬದಲಾಯಿಸಲು. ಗಂಡು ಅಲ್ಲಿನ ಮೇಷ್ಟ್ರು, ನಿನಗೆ ಇಷ್ಟವಾಗಿದ್ದರು — ನನಗೊಬ್ಬನಿಗೇ ಹೇಳಿದ್ದೆ. ನಿನ್ನಪ್ಪ, ಅಂದರೆ ನನ್ನ ಚಿಕ್ಕಪ್ಪ, ತಮ್ಮ ಹಳೆಯ ಕಾರನ್ನು ಬೀದಿಯಲ್ಲಿ ಬಿಡುವಾಗೆಲ್ಲ ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ರೋಟರನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕಳ್ಳ ಎಷ್ಟು ತಿಣುಕಿದರೂ ಸ್ಟಾರ್ಟ್ ಆಗಬಾರದು. ಹಿಂದಿನ ಸಂಜೆ ಕಾರು ತೊಳೆದು ನಿಲ್ಲಿಸಿದವನು ನಾನು. ಅವರು ಕಲಿಸಿದಂತೆಯೇ ಕಿತ್ತೆ. ಬೆಳಿಗ್ಗೆ ಅದೇ ಪ್ಯಾಂಟು ತೊಟ್ಟು ಬಂದೆ, ಕೂರಿಸಲು ಮರೆತೆ; ನಾನು ಕೂರಿಸಿರುತ್ತೇನೆಂದು ಚಿಕ್ಕಪ್ಪ ಕೇಳಲೂ ಇಲ್ಲ. ಅಲ್ಲಿಯವರೆಗೆ ಅದು ಬರೀ ಮರೆವು.

ಪೂಜೆಯಾಯಿತು. ಚಕ್ರದಡಿ ನಿಂಬೆಹಣ್ಣು ಇಟ್ಟರು. ಇಂಜಿನ್ ತಿರುಗಿತು, ಸ್ಟಾರ್ಟ್ ಆಗಲಿಲ್ಲ.

"ಬಾರಪ್ಪ ಎಮ್ಮೆಸ್ಸಿ, ಏನಾಗದೆ ನೋಡು. ಓದಿದ್ದೆಲ್ಲ ಇಂಥ ಹೊತ್ತಿಗೇ ಅಲ್ವಾ," ಎಂದು ಚಿಕ್ಕಪ್ಪ ನಕ್ಕರು.

ಅಂಗಿಯ ತೋಳು ಮಡಚಿದೆ. ಪ್ಲಗ್ಗಿನ ತಂತಿ ಎಳೆದು ಇಂಜಿನ್ನಿನ ಹತ್ತಿರ ಹಿಡಿದೆ — ಕಿಡಿ ಇಲ್ಲ. ಕಿಡಿ ಹುಟ್ಟಿಸುವ ಕಾಯಿಲ್‌ನಿಂದ ಬರುವ ತಂತಿ ಹಿಡಿದೆ — ನೀಲಿ ಕಿಡಿ ಚಟಚಟ ಹಾರಿತು. ಅಂದರೆ ಕಾಯಿಲ್ ಚೆನ್ನಾಗಿದೆ, ಕಿಡಿ ಹಂಚಿಕೆಯಾಗುತ್ತಿಲ್ಲ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದೆ. ರೋಟರಿನ ಜಾಗ ಖಾಲಿ. ನನ್ನ ಪರೀಕ್ಷೆಯ ಕ್ರಮದಲ್ಲಿ ತಪ್ಪಿರಲಿಲ್ಲ ಗಿರಿಜಾ. ಅದು ನೇರ ನನ್ನ ಜೇಬಿಗೇ ಬಂದು ನಿಂತಿತು.

ಮನೆಗೆಲ್ಲ ಹಿರಿಯರಾದ, ಯಾವುದಕ್ಕೂ ಕೊನೆಯ ಮಾತು ತಮ್ಮದೇ ಎನ್ನುವ ದೊಡ್ಡತ್ತೆಯ ಶಕುನಗಳನ್ನು ಹಿಂದಿನ ದಿನವಷ್ಟೇ ಊಟಕ್ಕೆ ಕೂತಾಗ ಗೇಲಿ ಮಾಡಿದ್ದೆ. ಈಗ ಅವರೆದುರು, ಇಷ್ಟು ಜನರೆದುರು, ಜೇಬಿಗೆ ಕೈ ಹಾಕುವುದೆ... ಮುಚ್ಚಳ ಹಾಕಿಬಿಟ್ಟೆ.

"ಕಾಯಿಲ್ ಹೋಗಿದೆ," ಎಂದೆ.

ಬಸ್ಸಿಗೆ ಹೋಗೋಣ ಎಂದೂ ಹೇಳಿದೆನೆಂಬ ನೆನಪಿದೆ. ಇಲ್ಲ — ಅದು ನಾನು ಆಮೇಲೆ ಸೇರಿಸಿಕೊಂಡದ್ದೇ ಇರಬೇಕು. ದೊಡ್ಡತ್ತೆಯ ಮಾತು ಮಾತ್ರ ಹಾಗೆಯೇ ಇದೆ:

"ಸಾಕು, ಮುಚ್ಚಲಾ ಬಾನೆಟ್ಟು. ಒಳ್ಳೆ ಗಳಿಗೇಲಿ ಗಾಡಿನೇ ಒಲ್ಲೆ ಅಂತದೆ. ಈ ಸಂಬಂಧ ನಮಗೆ ಬ್ಯಾಡ."

ನಿಂಬೆಹಣ್ಣು ಚಕ್ರದಡಿ ಹಾಗೇ ಉಳಿಯಿತು. ನೀನು ಒಳಗೆ ಹೋದೆ. ಮಧ್ಯಾಹ್ನ ರೋಟರ್ ಕೂರಿಸಿ ಕಾರು ಸ್ಟಾರ್ಟ್ ಮಾಡಿದೆ; ಹೊಸ ಕಾಯಿಲ್ ಹಾಕಿಸಿದೆ ಎಂದು ಇನ್ನೊಂದು ಸುಳ್ಳು ಹೇಳಿದೆ. ಮೇಷ್ಟ್ರಿಗೆ ಬೇರೆ ಕಡೆ ಮದುವೆಯಾಯಿತು. ಆಮೇಲೆ ನಿನ್ನನ್ನು ಕೇಳಿಕೊಂಡು ಬಂದವರಿಗೆಲ್ಲ ನಿನಗಿಂತ ಮೊದಲು ಕಾರಿನ ಕತೆ ಸಿಕ್ಕಿತು.

ಮೊನ್ನೆ ನಿನ್ನಣ್ಣನ ಮಗಳ ನಿಶ್ಚಿತಾರ್ಥಕ್ಕೆ ಕಳಲೆಗೆ ಬಾ ಎಂದರೆ ನೀನು ನಕ್ಕೆ: "ನಾ ಬರಲ್ಲ ಕಣಣ್ಣ. ನಾ ಹತ್ತಿದ್ರೆ ಗಾಡಿ ನಿಂತೋಗುತ್ತೆ." ತಮಾಷೆ ಅಂದುಕೊಂಡೆ. ಆಮೇಲೆ ಚಿಕ್ಕಮ್ಮ ಹೇಳಿದರು — ಇಷ್ಟು ವರ್ಷ ಯಾರ ಶುಭಕಾರ್ಯದ ಗಾಡಿಯನ್ನೂ ನೀನು ಹತ್ತಿಲ್ಲವಂತೆ.

ಶಕುನ ನಂಬದ ನಾನು ನಿನಗೊಂದು ಅಪಶಕುನ ಮಾಡಿಕೊಟ್ಟೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಕಳಲೆಗೆ ಹೊರಡುವ ಬೆಳಿಗ್ಗೆ, ಚಿಕ್ಕಪ್ಪ ಇನ್ನೂ ಇಟ್ಟುಕೊಂಡಿರುವ ಆ ಹಳೆಯ ಕಾರನ್ನೇ ತೆಗೆಯುತ್ತೇನೆ. ದೊಡ್ಡತ್ತೆ, ಚಿಕ್ಕಪ್ಪ, ಎಲ್ಲರೂ ನಿಂತಿರುವಾಗ ಜೇಬಿನಿಂದ ರೋಟರ್ ತೆಗೆದು, ಆ ದಿನದ ಮಾತೆಲ್ಲ ಹೇಳಿ, ಅವರ ಕಣ್ಣೆದುರೇ ಕೂರಿಸುತ್ತೇನೆ. ಓಡಿಸುವುದು ನಿನ್ನಣ್ಣ, ಮುಂದಿನ ಸೀಟು ನಿನ್ನದು. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೂ ಹತ್ತು, ಗಿರಿಜಾ —

ನಾನು ಬಸ್ಸಿನಲ್ಲಿ ಬರುತ್ತೇನೆ.